ಮೇಲೆ ಬರಬೇಕು ಅಂತ ಆಸೆ ಪಡುವುದು ತಪ್ಪಾ? ಕಾರವಾರದಿಂದ ಒಂದು ಪ್ರಶ್ನೆ

ಕಾಳಿದಂಡೆ · ಡಿಸೆಂಬರ್ 5, ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವನು, ವಯಸ್ಸು 38. ಒಂದು ಖಾಸಗಿ ಬ್ಯಾಂಕಿನಲ್ಲಿ ಕೆಲಸ. ಮನೆಯಲ್ಲಿ ಮಾತು ಕೊಂಕಣಿ, ಬರೆಯುವುದು ಕನ್ನಡ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಮೊನ್ನೆ 3ನೇ ತಾರೀಖು ಚಂದಾವರದ ಫೆಸ್ತಿಗೆ, ಅಂದರೆ ಸಂತ ಫ್ರಾನ್ಸಿಸ್ ಝೇವಿಯರ್ ಹಬ್ಬಕ್ಕೆ, ಹೋಗಿದ್ದೆ. ಪ್ರವಚನದಲ್ಲಿ ಫಾದರ್ ಒಂದು ಮಾತು ಎತ್ತಿದರು. ಲೋಕವನ್ನೆಲ್ಲ ಗೆದ್ದು ಆತ್ಮವನ್ನೇ ಕಳೆದುಕೊಂಡರೆ ಏನು ಬಂತು? ಚಿಕ್ಕಂದಿನಿಂದ ಕೇಳಿದ ಮಾತೇ. ಆದರೆ ಈ ಸಲ ಬಸ್ಸು ಕುಮಟಾ ದಾಟಿ ಅಂಕೋಲಾ ಬಂದರೂ ತಲೆಯಿಂದ ಹೋಗಲಿಲ್ಲ.

ವಿಷಯ ಎರಡು. ಒಂದು, ನಮ್ಮ ಬ್ಯಾಂಕಿನ ಹುಬ್ಬಳ್ಳಿ ಕಚೇರಿಯಲ್ಲಿ ದೊಡ್ಡ ಹುದ್ದೆಯೊಂದು ಖಾಲಿ ಇದೆ. ಕೈಕೆಳಗೆ ಏಳು ಶಾಖೆ. ಅರ್ಜಿ ಹಾಕಿದ್ದೇನೆ. ಬೇಕು ಅನ್ನಿಸಿದೆ, ಜೋರಾಗಿಯೇ ಬೇಕು ಅನ್ನಿಸಿದೆ. ಎರಡು, ನಮ್ಮ ಚರ್ಚಿನ ಹಾಡುವ ತಂಡ, ಕ್ವಾಯರ್ ಅನ್ನು 11 ವರ್ಷ ನಾನೇ ನಡೆಸಿದ್ದೆ. ಈ ಸಲ ಹೊಸದಾಗಿ ಬಂದ ಫಾದರ್ ಕ್ರಿಸ್‌ಮಸ್ ಹಾಡುಗಳನ್ನು 23 ವರ್ಷದ ಹುಡುಗಿಯ ಕೈಗೆ ಕೊಟ್ಟರು. ಕೀಬೋರ್ಡ್ ಮೇಲೆ ಬೆರಳು ಇಡುವುದನ್ನು ಅವಳಿಗೆ ಕಲಿಸಿದ್ದು ನಾನು. ಮೂರು ಶನಿವಾರ ಆಯಿತು, ಪ್ರಾಕ್ಟೀಸಿಗೆ ಹೋಗಿಲ್ಲ. ಗಂಟಲು ಸರಿ ಇಲ್ಲ ಅಂತ ಹೇಳಿಕಳಿಸಿದ್ದೇನೆ. ಗಂಟಲು ಚೆನ್ನಾಗಿಯೇ ಇದೆ.

ಹಾಗಾದರೆ ಮೇಲೆ ಬರಬೇಕು ಅನ್ನುವ ಆಸೆಯೇ ತಪ್ಪಾ? ಅಥವಾ ಅದಕ್ಕೂ ಒಂದು ಜಾಗ ಇದೆಯಾ? ಇದ್ದರೆ ಎಲ್ಲಿ?

ಪ್ರಾರ್ಥನಾವೀರ · ಡಿಸೆಂಬರ್ 5, ರಾತ್ರಿ 11:05

ಬ್ರದರ್, ಸಂಶಯವೇ ಬೇಡ. ಬೈಬಲಿನ ಧರ್ಮೋಪದೇಶಕಾಂಡ 28:13. ಕರ್ತನು ನಿನ್ನನ್ನು ತಲೆಯಾಗಿ ಮಾಡುತ್ತಾನೆ, ಬಾಲವಾಗಿ ಅಲ್ಲ. ಹುಬ್ಬಳ್ಳಿ ನಿಮ್ಮದೇ. ಆಮೆನ್!

ಸುಮ್ನೆಓದುಗ · ಡಿಸೆಂಬರ್ 5, ರಾತ್ರಿ 11:20

ಆ ಅಧ್ಯಾಯದಲ್ಲಿ 68 ವಚನ ಇವೆ. ಕ್ಯಾಲೆಂಡರಿನಲ್ಲಿ ಅಚ್ಚಾಗುವುದು 13ನೆಯದು ಮಾತ್ರ. 15ರಿಂದ ಕೊನೆಯವರೆಗೆ ಶಾಪಗಳೇ. ಅಲ್ಲದೆ ಆ ಮಾತು ಹೇಳಿದ್ದು ಒಂದು ಇಡೀ ಜನಾಂಗಕ್ಕೆ, ಅದೂ ಆಜ್ಞೆ ಪಾಲಿಸಿದರೆ ಅನ್ನುವ ಷರತ್ತಿನ ಮೇಲೆ. ಬ್ಯಾಂಕ್ ಅಧಿಕಾರಿಯ ಬಡ್ತಿಗೆ ಅದನ್ನು ಅಂಟಿಸುವುದು ಸ್ವಲ್ಪ ಜಾಸ್ತಿ ಆಯಿತು.

ಹಳೇಗುಮಾಸ್ತ · ಡಿಸೆಂಬರ್ 6, ಬೆಳಿಗ್ಗೆ 6:15

ತಮ್ಮಾ, ನಾನು ಕುಮಟಾದವನು. ಸರ್ಕಾರಿ ಕಚೇರಿಯಲ್ಲಿ 31 ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಅದಕ್ಕೇ ಬೈಬಲಿನಲ್ಲಿ ನನಗೆ ಹತ್ತಿರದವನು ಬಾರೂಕ. ಪ್ರವಾದಿ ಯೆರೆಮೀಯನ ಗುಮಾಸ್ತ. ಇವನ ಬಗ್ಗೆ ಪ್ರವಚನ ಮಾಡುವವರು ಕಡಿಮೆ.

ಪ್ರವಾದಿ ಹೇಳಿದ್ದನ್ನೆಲ್ಲ ಬಾರೂಕ ಸುರುಳಿಯಲ್ಲಿ ಬರೆದ. ಅರಸ ಯೆಹೋಯಾಕೀಮ ಚಳಿ ಕಾಯಿಸಿಕೊಳ್ಳುತ್ತಾ ಕೂತು ಅದನ್ನು ಓದಿಸಿದ. ಮೂರು ನಾಲ್ಕು ಅಂಕಣ ಓದಿದ ಹಾಗೆ ಚೂರಿಯಿಂದ ಕೊಯ್ದು ಬೆಂಕಿಗೆ ಹಾಕಿದ. ಬಾರೂಕ ಮತ್ತೆ ಮೊದಲಿಂದ ಬರೆದ. (ನಮ್ಮ ಕಚೇರಿಯಲ್ಲಿ ಮಳೆಗಾಲದ ತಂಡಿಗೆ ಗೆದ್ದಲು ಹಿಡಿದ ಫೈಲುಗಳನ್ನು ಮತ್ತೆ ಬರೆದವನಿಗೆ ಆ ಸಂಕಟ ಗೊತ್ತು.) ಬಾರೂಕ ಸಾಮಾನ್ಯ ಮನೆಯವನೂ ಅಲ್ಲ. ಅವನ ತಮ್ಮನೋ ಅಣ್ಣನೋ ಆದ ಸೆರಾಯ ಅರಸ ಚಿದ್ಕೀಯನ ಬಳಿ ಅಧಿಕಾರಿ. ಇವನು ಮಾತ್ರ ಯಾರಿಗೂ ಬೇಡವಾದ ಪ್ರವಾದಿಯ ಬರಹಗಾರ. ಅವನಿಗೂ ಅನ್ನಿಸಿರಬೇಕು, ನನ್ನ ಓದಿಗೆ ಇಷ್ಟೇನಾ ಅಂತ.

ಯೆರೆಮೀಯ 45ನೇ ಅಧ್ಯಾಯ ಪೂರ್ತಿ ದೇವರಿಂದ ಅವನಿಗೇ ಬಂದ ಮಾತು. ಬರೀ ಐದು ವಚನ. ನಿನಗಾಗಿ ದೊಡ್ಡ ದೊಡ್ಡ ವಿಷಯ ಹುಡುಕುತ್ತಿದ್ದೀಯಾ? ಹುಡುಕಬೇಡ. ನಿನ್ನ ಜೀವ ಉಳಿಸಿಕೊಡುತ್ತೇನೆ, ಅದೇ ನಿನಗೆ ಸಿಗುವ ಲಾಭ. ಅದು ಕ್ರಿ.ಪೂ. 605ರ ಹೊತ್ತು. ಮುಂದೆ 20 ವರ್ಷದೊಳಗೆ ಜೆರುಸಲೇಮೇ ಉರಿದುಹೋಯಿತು. ಬಾರೂಕ ಬಯಸಿದ ಹುದ್ದೆಗಳೆಲ್ಲ ಊರಿನ ಜೊತೆಗೇ ಹೋದವು.

ನನ್ನ ಕಥೆಯನ್ನೂ ಹೇಳಿಬಿಡುತ್ತೇನೆ. ಶಿರಸ್ತೇದಾರ ಆಗುವ ಸರದಿ ನನ್ನದು ಅಂತ ನಂಬಿದ್ದೆ. ಇನ್ನೊಬ್ಬರಿಗೆ ಹೋಯಿತು. ಆರು ವರ್ಷ ಒಂದೇ ಕೋಣೆಯಲ್ಲಿ ಕೂತು ಅವರ ಜೊತೆ ಕೆಲಸ ಬಿಟ್ಟು ಬೇರೆ ಮಾತಾಡಲಿಲ್ಲ. ಅವರು ತೀರಿಕೊಂಡ ದಿನ ಅವರ ಮನೆಗೆ ಹೋಗಿದ್ದೆ. ಅವರ ಹೆಂಡತಿ ಚಹಾ ಕೊಟ್ಟು, ನಿಮ್ಮ ಅಕ್ಷರ ಭಾಳ ಚಂದ ಅಂತ ಯಾವಾಗಲೂ ಹೇಳುತ್ತಿದ್ದರು ಅಂದರು.

ಹಳಿಯಾಳದವಳು · ಡಿಸೆಂಬರ್ 6, ಮಧ್ಯಾಹ್ನ 1:30

ಗುಮಾಸ್ತರೇ, ನಿಮ್ಮ ಮಾತು ಓದಿ ಕಣ್ಣು ತುಂಬಿತು. ಆದರೂ ಒಂದು ಜಗಳ ಇದೆ.

ನಾನು ಸಿದ್ಧಿ ಸಮುದಾಯದವಳು, ಕಥೊಲಿಕ್. ನಮ್ಮ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದರು. ಎಷ್ಟೋ ಜನ ಗೋವಾದ ಕಡೆಯಿಂದ ತಪ್ಪಿಸಿಕೊಂಡು ಈ ಘಟ್ಟದ ಕಾಡು ಸೇರಿದರು. ನಮ್ಮ ಜಿಲ್ಲೆಯ ಸಿದ್ಧಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿದ್ದು 2003ರಲ್ಲಿ. ನಮ್ಮ ಮನೆಯಲ್ಲಿ ಪದವಿ ಮುಗಿಸಿದವಳು ನಾನೇ ಮೊದಲು. ನಾನು ಓದುತ್ತೇನೆ ಅಂದಾಗ, ಇಷ್ಟು ಆಸೆ ಒಳ್ಳೆಯದಲ್ಲ, ಇದ್ದದ್ದರಲ್ಲಿ ತೃಪ್ತಿ ಇರಬೇಕು ಅಂತ ಹೇಳಿದವರೆಲ್ಲ ಯಾರು ಗೊತ್ತಾ? ತಮ್ಮ ಮಕ್ಕಳನ್ನು ಬೆಂಗಳೂರಿಗೆ ಕಳಿಸಿದವರು.

ತಗ್ಗಿಸಿಕೊ ಅನ್ನುವ ಮಾತನ್ನು ಯಾರು ಯಾರಿಗೆ ಹೇಳುತ್ತಿದ್ದಾರೆ ಅಂತ ನಾನು ಮೊದಲು ನೋಡುತ್ತೇನೆ. ಯೇಸುಸ್ವಾಮಿ ಅದನ್ನು ಹೇಳಿದ್ದು ಔತಣದಲ್ಲಿ ಮೇಲಿನ ಜಾಗ ಹುಡುಕುತ್ತಿದ್ದವರಿಗೆ. ಬಾಗಿಲ ಹೊರಗೆ ನಿಂತವರಿಗೆ ಅಲ್ಲ. ಯೇಸುವಿನ ತಾಯಿ ಮರಿಯಮ್ಮನ ಹಾಡಿನಲ್ಲಿ ದೀನರನ್ನು ಮೇಲೆತ್ತಿದ ಅಂತಲೇ ಇದೆ.

ಯಜಮಾನ ಮೂವರು ಆಳುಗಳ ಕೈಗೆ ಹಣ ಕೊಟ್ಟು ಹೋದ ತಲೆಂತುಗಳ ಸಾಮತಿಯನ್ನೂ ನೋಡಿ. ಒಂದು ತಲೆಂತು ಅಂದರೆ ಕೂಲಿಯವನ ಸುಮಾರು 20 ವರ್ಷದ ದುಡಿಮೆ. ಕಡಿಮೆ ಸಿಕ್ಕಿತು ಅಂತ ನಾವು ಅಯ್ಯೋ ಅನ್ನುವ ಮೂರನೆಯವನ ಕೈಯಲ್ಲೂ ಅಷ್ಟಿತ್ತು. ಅವನು ಹೆದರಿ ಹೂತಿಟ್ಟ. ಬೈಸಿಕೊಂಡವನು ಅವನೇ. ನಮ್ಮ ಕಡೆ ಹೂತಿಡುವುದನ್ನೇ ಭಕ್ತಿ ಅಂತ ಕಲಿಸಿಬಿಟ್ಟಿದ್ದಾರೆ.

ಕಾಳಿದಂಡೆ ಅಣ್ಣಾ, ಹುಬ್ಬಳ್ಳಿಗೆ ಹೋಗಿ. ಆದರೆ ಆ ಹುಡುಗಿಯ ವಿಷಯದಲ್ಲಿ ನೀವು ಮಾಡುತ್ತಿರುವುದು ಸರಿ ಕಾಣಲಿಲ್ಲ.

ತಾಂಡೇಲನಮಗ · ಡಿಸೆಂಬರ್ 6, ರಾತ್ರಿ 8:50

ನಮ್ಮದು ಬೈತಖೋಲ್. ಅಪ್ಪ ಬೋಟು ನಡೆಸುವ ತಾಂಡೇಲ. ಅದಕ್ಕೂ ಮೊದಲು ರಂಪಣಿ ಎಳೆದವರು. ಈಗಿನ ಹುಡುಗರಿಗೆ ರಂಪಣಿ ಗೊತ್ತಿಲ್ಲ. ಬಲೆಯ ಒಂದು ತುದಿ ದಂಡೆಯಲ್ಲಿ, ಇನ್ನೊಂದು ತುದಿಯನ್ನು ದೋಣಿ ಸುತ್ತು ಹೊಡೆದು ತರಬೇಕು. ಆಮೇಲೆ ಎರಡೂ ಕಡೆ ಹತ್ತಾರು ಜನ ನಿಂತು ಎಳೆಯಬೇಕು. ಮುದುಕರು, ಹುಡುಗರು, ಎಲ್ಲರೂ. ಬಂಗಡೆಯೋ ತಾರ್ಲೆಯೋ ಬಂದಷ್ಟನ್ನು ಪಾಲು ಹಾಕುತ್ತಿದ್ದರು. ಬಲೆಯವನಿಗೆ ಜಾಸ್ತಿ ಪಾಲು, ಸರಿ. ಆದರೆ ಹಗ್ಗ ಹಿಡಿದ ಯಾರೂ ಬರಿಗೈಯಲ್ಲಿ ಹೋಗುತ್ತಿರಲಿಲ್ಲ.

1970ರ ದಶಕದ ನಡುವೆ ಪರ್ಸೀನ್ ಬೋಟ್ ಬಂತು. ಮೀನು ದಂಡೆಗೆ ಬರುವ ಮೊದಲೇ ಆಚೆಗೇ ಸುತ್ತಿ ಎತ್ತಿಬಿಡುತ್ತಾರೆ. ರಂಪಣಿ ಮುಗಿಯಿತು. ಹಾಗಂತ ಪರ್ಸೀನ್ ಮಾಡಿದವರು ಪಾಪಿಗಳು ಅಂತ ನಾನು ಹೇಳಲಾರೆ. ನನಗೂ ಒಂದು ಬೋಟಿನಲ್ಲಿ ಪಾಲಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ಬಂದ್. ಆಗ ಸಾಲದ ಕಂತು ಕಟ್ಟುವಾಗ ಗೊತ್ತಾಗುತ್ತದೆ, ದೊಡ್ಡ ಆಸೆಗೆ ದೊಡ್ಡ ಹೊಟ್ಟೆ ಇರುತ್ತದೆ ಅಂತ.

ಜೆಬೆದಾಯನ ಮಕ್ಕಳ ಕಥೆಯನ್ನು ನಾನು ಬೋಟಿನವನ ಕಣ್ಣಲ್ಲಿ ಓದುತ್ತೇನೆ. ಜೆಬೆದಾಯನ ದೋಣಿಯಲ್ಲಿ ಕೂಲಿಯವರಿದ್ದರು ಅಂತ ಮಾರ್ಕನ ಸುವಾರ್ತೆಯಲ್ಲಿದೆ. ಅಂದರೆ ಮಾಲೀಕರ ಮನೆ. ಮಕ್ಕಳು ಯಕೋಬ, ಯೊವಾನ್ನ ಇಬ್ಬರೂ ಸೀಮೋನ ಪೇತ್ರನ ಪಾಲುದಾರರು ಅಂತ ಲೂಕನಲ್ಲಿದೆ. ಈಗ ನೋಡಿ, ನಿಮ್ಮ ಬಲಕ್ಕೊಬ್ಬ ಎಡಕ್ಕೊಬ್ಬ ಕೂರಿಸಿ ಅಂತ ಯೇಸುವನ್ನು ಕೇಳುವಾಗ ಅವರು ಬಿಟ್ಟದ್ದು ಯಾರನ್ನು? ತಮ್ಮ ಬೋಟಿನ ಪಾಲುದಾರನನ್ನೇ! ನಮ್ಮ ಬಂದರಿನಲ್ಲಿ ಹಾಗೆ ಮಾಡಿದರೆ ಮರುದಿನ ಮುಖ ತೋರಿಸುವ ಹಾಗಿಲ್ಲ.

ಉಳಿದ ಹತ್ತು ಶಿಷ್ಯರಿಗೆ ಸಿಟ್ಟು ಬಂತು. ಯಾಕೆ ಬಂತು? ತಾವು ಮೊದಲು ಕೇಳಲಿಲ್ಲವಲ್ಲ ಅಂತ.

ಶಿರಸಿಟೀಚರ್ · ಡಿಸೆಂಬರ್ 6, ರಾತ್ರಿ 9:40

ಆ ಕಥೆಯಲ್ಲಿ ನನ್ನನ್ನು ಕಾಡುವವಳು ತಾಯಿ. ಮಾರ್ಕನ ಪ್ರಕಾರ ಮಕ್ಕಳೇ ಬಂದು ಕೇಳುತ್ತಾರೆ. ಮತ್ತಾಯನ ಪ್ರಕಾರ ಅಮ್ಮ ಬಂದು ಮೊಣಕಾಲೂರಿ ಕೇಳುತ್ತಾಳೆ.

ನಾನು ಶಾಲೆಯಲ್ಲಿ 19 ವರ್ಷದಿಂದ ಇಂಥ ತಾಯಂದಿರನ್ನು ನೋಡಿದ್ದೇನೆ. ನಾನೂ ಅವರಲ್ಲಿ ಒಬ್ಬಳು. ಮಗನಿಗೆ ನೀಟ್ ಬರೆಸಬೇಕು ಅಂತ ಎರಡು ವರ್ಷ ಅವನನ್ನು ಹಾಸ್ಟೆಲಿನಲ್ಲಿಟ್ಟೆ. ನನಗಾಗಿ ಏನೂ ಕೇಳುತ್ತಿಲ್ಲ, ಮಗನಿಗಾಗಿ ಅಂತ ಜಪಸರ ಹಿಡಿದೆ. ಅವನು ಒಂದು ದಿನ ಫೋನ್ ಮಾಡಿ, ಅಮ್ಮಾ, ನೀನು ಪ್ರಾರ್ಥನೆ ನಿಲ್ಲಿಸು, ನನಗೆ ಭಯ ಆಗುತ್ತದೆ ಅಂದ. ಈಗ ಅವನು ಬಿ.ಎಸ್‌ಸಿ. ತೋಟಗಾರಿಕೆ ಓದುತ್ತಿದ್ದಾನೆ. ಅಡಿಕೆ ಕೊಳೆರೋಗದ ಬಗ್ಗೆ ಊಟದ ಹೊತ್ತಿನಲ್ಲೂ ಮಾತು.

ಮತ್ತಾಯನನ್ನು ಪೂರ್ತಿ ಓದಿದರೆ ಆ ತಾಯಿ ಇನ್ನೊಮ್ಮೆ ಬರುತ್ತಾಳೆ. 27ನೇ ಅಧ್ಯಾಯ, ಶಿಲುಬೆಯ ಹತ್ತಿರ. ದೂರದಿಂದ ನೋಡುತ್ತಿದ್ದ ಹೆಂಗಸರ ಪಟ್ಟಿಯಲ್ಲಿ ಜೆಬೆದಾಯನ ಮಕ್ಕಳ ತಾಯಿ ಅಂತ ಬರೆದಿದೆ. ಅದೇ ಅಧ್ಯಾಯದಲ್ಲಿ ಇನ್ನೊಂದು ಸಾಲು ಇದೆ. ಯೇಸುವಿನ ಬಲಕ್ಕೊಬ್ಬ, ಎಡಕ್ಕೊಬ್ಬ ಕಳ್ಳರನ್ನು ಶಿಲುಬೆಗೇರಿಸಿದರು. ತಾನು ಕೇಳಿದ ಜಾಗ ಯಾವುದು ಅಂತ ಅವಳು ಅಲ್ಲಿ ನಿಂತು ನೋಡಿದಳು. ಮತ್ತಾಯ ಒಂದು ಮಾತೂ ಹೇಳದೆ ಸುಮ್ಮನೆ ಮುಂದೆ ಹೋಗುತ್ತಾನೆ.

ಹನ್ನೆರಡು ಪ್ರೇಷಿತರಲ್ಲಿ ಕ್ರಿಸ್ತನಿಗಾಗಿ ಮೊದಲು ಜೀವ ಕೊಟ್ಟವನು ಅವಳ ಮಗ ಯಕೋಬನೇ. ಅರಸ ಹೆರೋದ ಅವನನ್ನು ಕತ್ತಿಯಿಂದ ಕೊಲ್ಲಿಸಿದ.

ಪ್ರಾರ್ಥನಾವೀರ · ಡಿಸೆಂಬರ್ 6, ರಾತ್ರಿ 10:02

ಟೀಚರ್, ಈ ಮಾತು ನಾನು ಗಮನಿಸಿರಲಿಲ್ಲ. ನಿಜವಾಗಿ.

ಅರ್ಧದಾರಿ · ಡಿಸೆಂಬರ್ 7, ಬೆಳಿಗ್ಗೆ 11:10

ಹೊನ್ನಾವರದಿಂದ. ನಾನು ಸೆಮಿನರಿಯಲ್ಲಿ ಐದು ವರ್ಷ ಇದ್ದು ಹೊರಬಂದವನು. ಈಗ ಹಾರ್ಡ್‌ವೇರ್ ಅಂಗಡಿ. ಕಲಿತ ಗ್ರೀಕ್ ಸಿಮೆಂಟ್ ಮಾರುವಾಗ ಉಪಯೋಗಕ್ಕೆ ಬರುವುದಿಲ್ಲ. ಇಲ್ಲಾದರೂ ಬರಲಿ.

ಹೊಸ ಒಡಂಬಡಿಕೆಯಲ್ಲಿ ಮೇಲೆ ಬರುವ ಆಸೆಗೆ ಎರಡು ಗ್ರೀಕ್ ಮಾತುಗಳಿವೆ. ಒಂದು ಎರಿಥೇಯ. ಪ್ರೇಷಿತ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ, ಯಕೋಬನ ಪತ್ರದ 3ನೇ ಅಧ್ಯಾಯದಲ್ಲಿ ಬರುತ್ತದೆ. ಅದರ ಮೂಲ ಕೂಲಿಯಾಳು ಅನ್ನುವ ಮಾತು. ಅರಿಸ್ಟಾಟಲನ ಕಾಲಕ್ಕಾಗಲೇ, ಹುದ್ದೆ ಹಿಡಿಯಲು ಒಳಗೊಳಗೆ ಜನ ಕಟ್ಟುವುದಕ್ಕೆ ಈ ಮಾತು ಸಲ್ಲುತ್ತಿತ್ತು. ಪೌಲ ಇದನ್ನು ಖಂಡಿತ ಬೇಡ ಅನ್ನುತ್ತಾನೆ.

ಇನ್ನೊಂದು ಫಿಲೊತಿಮೆಯೊಮೈ. ಗೌರವ ಬಯಸು ಅಂತ ಅದರ ಮೂಲ. ಇದನ್ನು ಪೌಲ ತನಗೇ ಬಳಸಿಕೊಳ್ಳುತ್ತಾನೆ! ರೋಮನರಿಗೆ ಬರೆದ ಪತ್ರ 15:20. ಕ್ರಿಸ್ತನ ಹೆಸರೇ ಕೇಳದ ಕಡೆ ಸಾರಬೇಕು ಅನ್ನುವುದು ನನ್ನ ಹಂಬಲ ಅನ್ನುತ್ತಾನೆ. ಥೆಸಲೋನಿಯದವರಿಗೆ ಅದೇ ಮಾತು ಬಳಸಿ ಏನು ಹೇಳುತ್ತಾನೆ ಗೊತ್ತಾ? ಸದ್ದಿಲ್ಲದೆ ಬಾಳಿ, ನಿಮ್ಮ ಕೆಲಸ ನೋಡಿಕೊಳ್ಳಿ, ಕೈಯಾರೆ ದುಡಿಯಿರಿ, ಅದೇ ನಿಮ್ಮ ಹಂಬಲವಾಗಲಿ. ಊರೂರು ಸುತ್ತಿ ಹೆಸರು ಮಾಡುವವರಿಗೆ ಸಲ್ಲುವ ಮಾತನ್ನು ತೆಗೆದುಕೊಂಡು, ಸುಮ್ಮನಿರುವುದಕ್ಕೆ ಹಚ್ಚಿದ. ಪೌಲನಿಗೆ ತಮಾಷೆ ಗೊತ್ತಿರಲಿಲ್ಲ ಅನ್ನುವವರು ಇದನ್ನು ಓದಬೇಕು.

ಇಂಗ್ಲಿಷಿನ ಆಂಬಿಷನ್ ಅನ್ನುವ ಮಾತು ಲ್ಯಾಟಿನ್ನಿನಿಂದ ಬಂದದ್ದು. ಸುತ್ತಾಡು ಅಂತ ಅರ್ಥ. ರೋಮಿನಲ್ಲಿ ಚುನಾವಣೆಗೆ ನಿಂತವರು ಬಿಳಿ ಬಟ್ಟೆ ತೊಟ್ಟು ಕೈ ಮುಗಿಯುತ್ತಾ ಸುತ್ತುತ್ತಿದ್ದರು. ಪಂಚಾಯತಿ ಚುನಾವಣೆ ನೋಡಿದವರಿಗೆ ವಿವರಿಸುವುದು ಬೇಡ. ಚರ್ಚಿನ ಪಾಲನಾ ಮಂಡಳಿ ಚುನಾವಣೆ ನೋಡಿದವರಿಗೆ ಮೊದಲೇ ಬೇಡ.

ಕಾಳಿದಂಡೆಯವರೇ, ಒಂದು ಕೇಳಲಾ? ಹುಬ್ಬಳ್ಳಿ ಹುದ್ದೆಗೆ ಇನ್ಯಾರಾದರೂ ಅರ್ಜಿ ಹಾಕಿದ್ದಾರಾ?

ಕಾಳಿದಂಡೆ · ಡಿಸೆಂಬರ್ 7, ರಾತ್ರಿ 11:48

ಹಾಕಿದ್ದಾರೆ. ಈ ಪ್ರಶ್ನೆ ಬರುತ್ತದೆ ಅಂತ ಹೆದರಿಕೆ ಇತ್ತು. ಮೊದಲ ದಿನ ಪೂರ್ತಿ ಬರೆದಿರಲಿಲ್ಲ.

ನಮ್ಮ ಶಾಖೆಯಲ್ಲೇ ಇನ್ನೊಬ್ಬರು ಇದ್ದಾರೆ. ನನಗಿಂತ ಎರಡು ವರ್ಷ ಸೀನಿಯರ್. ಅವರ ತಂದೆಗೆ ಡಯಾಲಿಸಿಸ್ ನಡೆಯುತ್ತಿದೆ, ಅದಕ್ಕೆ ಆಗಾಗ ರಜೆ ಹಾಕುತ್ತಾರೆ. ಕಳೆದ ತಿಂಗಳು ಮೇಲಿನ ಮ್ಯಾನೇಜರ್ ಬಂದಾಗ ಊಟಕ್ಕೆ ಕರೆದುಕೊಂಡು ಹೋಗಿದ್ದೆ. ಮಾತಿನ ನಡುವೆ, ಪಾಪ ಅವರಿಗೆ ಮನೆಯ ತಾಪತ್ರಯ ಭಾಳ, ಹುಬ್ಬಳ್ಳಿ ಹೊರೆ ಹೊರುವುದು ಕಷ್ಟವೇನೋ ಅಂದೆ. ಕನಿಕರದ ದನಿಯಲ್ಲೇ ಅಂದೆ. ಸುಳ್ಳು ಒಂದಕ್ಷರವೂ ಇಲ್ಲ. ಅದೇ ಸಂಕಟ. ಸುಳ್ಳು ಹೇಳಿದ್ದರೆ ಪಾಪನಿವೇದನೆಯಲ್ಲಿ ಹೇಳುವುದಕ್ಕೆ ಒಂದು ಹೆಸರಾದರೂ ಇರುತ್ತಿತ್ತು.

ಮೊನ್ನೆ ಗೊತ್ತಾಯಿತು. ಅವರು ಹುಬ್ಬಳ್ಳಿ ಕೇಳಿದ್ದೇ ತಂದೆಗಾಗಿ. ದೊಡ್ಡ ಆಸ್ಪತ್ರೆ ಹತ್ತಿರ ಆಗುತ್ತದೆ ಅಂತ.

ನರ್ಸಮ್ಮ · ಡಿಸೆಂಬರ್ 8, ಬೆಳಿಗ್ಗೆ 5:30

ಅಂಕೋಲಾದಿಂದ. ಈಗಷ್ಟೇ ರಾತ್ರಿ ಪಾಳಿ ಮುಗಿಯಿತು. ಡಯಾಲಿಸಿಸ್ ಅಂದರೆ ಸಾಮಾನ್ಯವಾಗಿ ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ನಾಲ್ಕು ತಾಸಿನ ಹತ್ತಿರ. ಹೋಗಿ ಬರುವುದು ಬೇರೆ. ಜೊತೆಗೆ ಹೋದವರ ಮುಖ ನಾನು ದಿನಾ ನೋಡುತ್ತೇನೆ. ಆ ಮನುಷ್ಯನಿಗೆ ಇವತ್ತೇ ಹೇಳಿ ಕ್ಷಮೆ ಕೇಳಿ.

ತಾಂಡೇಲನಮಗ · ಡಿಸೆಂಬರ್ 8, ಬೆಳಿಗ್ಗೆ 9:15

ಅಕ್ಕಾ, ನಾನು ಒಪ್ಪುವುದಿಲ್ಲ. ಅವರಿಗೆ ಮೊದಲು ಹೇಳಿದರೆ ಇವನ ಎದೆ ಹಗುರ ಆಗುತ್ತದೆ, ಅವರ ಎದೆ ಭಾರ ಆಗುತ್ತದೆ. ತಂದೆಯ ಚಿಂತೆಯ ಮೇಲೆ ಇದೊಂದು. ಮೊದಲು ಮ್ಯಾನೇಜರ್ ಹತ್ತಿರ ಹೋಗಲಿ. ಹಗ್ಗ ಎಲ್ಲಿ ಬಿಟ್ಟಿತೋ ಅಲ್ಲೇ ಹಿಡಿಯಬೇಕು.

ಪ್ರಾರ್ಥನಾವೀರ · ಡಿಸೆಂಬರ್ 8, ಬೆಳಿಗ್ಗೆ 9:50

ಅರ್ಜಿಯನ್ನೇ ವಾಪಸ್ ತೆಗೆದುಕೊಂಡುಬಿಡಿ ಬ್ರದರ್. ತ್ಯಾಗ ಮಾಡಿ.

ಹಳಿಯಾಳದವಳು · ಡಿಸೆಂಬರ್ 8, ಮಧ್ಯಾಹ್ನ 2:05

ಮೂರು ದಿನದ ಹಿಂದೆ ಹುಬ್ಬಳ್ಳಿ ನಿಮ್ಮದೇ ಅಂದವರು ನೀವು! ಅರ್ಜಿ ಹಿಂದೆ ತೆಗೆಯುವುದೂ ಒಂದು ಷೋ ಆಗಬಹುದು. ಎಲ್ಲರೂ ಯಾಕೆ ಅಂತ ಕೇಳುತ್ತಾರೆ. ಇವರು ತಲೆ ತಗ್ಗಿಸಿ ಉತ್ತರ ಕೊಡುತ್ತಾರೆ. ಮತ್ತೆ ಇವರೇ ನಡುವೆ ನಿಂತ ಹಾಗಾಯಿತು. ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿ, ಅರ್ಜಿ ಇರಲಿ. ಆಮೇಲೆ ಯಾರಿಗೆ ಕೊಡುತ್ತಾರೋ ಕೊಡಲಿ.

ಅರ್ಧದಾರಿ · ಡಿಸೆಂಬರ್ 8, ಸಂಜೆ 6:30

ಹಳಿಯಾಳದ ತಂಗಿ ಹೇಳಿದ್ದು ನನಗೂ ಸರಿ ಕಂಡಿತು.

ಚಂದಾವರದಿಂದ ಮಾತು ಶುರುವಾಯಿತಲ್ಲ, ಆ ಸಂತನ ಕಥೆಯನ್ನೂ ಸೇರಿಸುತ್ತೇನೆ. ಫ್ರಾನ್ಸಿಸ್ ಝೇವಿಯರ್ 1525ರಲ್ಲಿ ಪ್ಯಾರಿಸಿಗೆ ಓದಲು ಹೋದ. ಒಳ್ಳೆಯ ಮನೆತನ, ಹೆಸರು ಮಾಡುವ ಆಸೆ. ಅದೇ ಕೋಣೆಗೆ ಆಮೇಲೆ ಬಂದವನು ಇಗ್ನೇಷಿಯಸ್ ಲೊಯೋಲ. ಇವನಿಗಿಂತ ತುಂಬಾ ದೊಡ್ಡವನು, ಯುದ್ಧದಲ್ಲಿ ಕಾಲಿಗೆ ಪೆಟ್ಟು ಬಿದ್ದು ಕುಂಟುತ್ತಿದ್ದ. ಲೋಕವನ್ನೆಲ್ಲ ಗೆದ್ದರೆ ಏನು ಬಂತು ಅನ್ನುವ ಆ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿ ಕಾಡಿದವನು ಅವನೇ ಅನ್ನುತ್ತಾರೆ.

ಇಂಡಿಯಾಕ್ಕೆ ಬರಬೇಕಾಗಿದ್ದವನು ಝೇವಿಯರ್ ಅಲ್ಲ. 1540ರಲ್ಲಿ ಬೊಬಾದಿಯ ಅನ್ನುವವನು ಕಾಯಿಲೆ ಬಿದ್ದ, ಇವನು ಬದಲಿಗೆ ಹೊರಟ. 1542ರ ಮೇ 6ಕ್ಕೆ ಗೋವಾ ಮುಟ್ಟಿದ. ಅಂದರೆ ನಾವು ಹಬ್ಬ ಮಾಡುವುದು ಒಬ್ಬ ಬದಲಿ ಆಳಿನದು. 1544ರಲ್ಲಿ ಕೊಚ್ಚಿಯಿಂದ ಬರೆದ ಪತ್ರದಲ್ಲಿ, ಪ್ಯಾರಿಸಿಗೆ ಹೋಗಿ ಹುಚ್ಚನ ಹಾಗೆ ಕೂಗಬೇಕು ಅನ್ನಿಸುತ್ತದೆ ಅನ್ನುತ್ತಾನೆ, ಪ್ರೀತಿಗಿಂತ ಪಾಂಡಿತ್ಯ ಜಾಸ್ತಿ ಇರುವವರ ಮುಂದೆ. ಆಸೆ ಅವನಲ್ಲಿ ಆರಲೇ ಇಲ್ಲ. ಜಪಾನ್ ಆಯಿತು, ಚೀನಾ ಬೇಕು ಅಂದ. ಚೀನಾಕ್ಕೆ ದಾಟಿಸುವ ದೋಣಿಗೆ ಕಾಯುತ್ತಾ 1552ರ ಡಿಸೆಂಬರ್ 3ಕ್ಕೆ ಒಂದು ದ್ವೀಪದಲ್ಲಿ ತೀರಿಕೊಂಡ. ದೋಣಿ ಬರಲಿಲ್ಲ.

ಇಗ್ನೇಷಿಯಸನಿಗೆ ಈ ರೋಗ ಚೆನ್ನಾಗಿ ಗೊತ್ತಿತ್ತು. ತಾನು ಕಟ್ಟಿದ ಜೆಸ್ವಿತ್ ಸಭೆಯವರಿಂದ ಒಂದು ವಚನವನ್ನೇ ತೆಗೆದುಕೊಂಡ. ಸಭೆಯ ಒಳಗಾಗಲಿ ಹೊರಗಾಗಲಿ ದೊಡ್ಡ ಹುದ್ದೆಗೆ ಪ್ರಯತ್ನ ಮಾಡುವುದಿಲ್ಲ ಅಂತ. ಪೂರ್ಣ ವಚನ ಕೊಡುವ ಜೆಸ್ವಿತರು ಇವತ್ತಿಗೂ ಅದನ್ನು ಕೊಡುತ್ತಾರೆ.

ಸುಮ್ನೆಓದುಗ · ಡಿಸೆಂಬರ್ 8, ರಾತ್ರಿ 7:45

ಒಂದು ಮಾತು ಬಿಟ್ಟುಹೋಯಿತು. ಅದೇ ಝೇವಿಯರ್ 1546ರಲ್ಲಿ ಪೋರ್ಚುಗಲ್ ಅರಸನಿಗೆ ಪತ್ರ ಬರೆದು ಇಂಡಿಯಾದಲ್ಲಿ ಇನ್‌ಕ್ವಿಸಿಷನ್, ಅಂದರೆ ಧರ್ಮ ತಪ್ಪಿದವರನ್ನು ವಿಚಾರಿಸುವ ಚರ್ಚಿನ ನ್ಯಾಯಾಲಯ, ಬೇಕು ಅಂದ. ಅವನು ತೀರಿದ ಮೇಲೆ, 1560ರಲ್ಲಿ, ಗೋವಾದಲ್ಲಿ ಅದು ಬಂದೇಬಂತು. ಅದರ ಹೆದರಿಕೆಗೂ ಗೋವಾ ಬಿಟ್ಟು ಈ ಕರಾವಳಿಗೆ ಇಳಿದ ಕೊಂಕಣಿಗರಿದ್ದಾರೆ. ಹಿಂದೂಗಳೂ ಇದ್ದಾರೆ, ಕ್ರೈಸ್ತರೂ ಇದ್ದಾರೆ. ಹಬ್ಬ ನಾನೂ ಮಾಡುತ್ತೇನೆ, ಹರಕೆ ಮೇಣದಬತ್ತಿಯನ್ನೂ ಹಚ್ಚುತ್ತೇನೆ. ಆದರೆ ದೇವರಿಗಾಗಿ ಅಂದ ಕೂಡಲೇ ಆಸೆ ಶುದ್ಧವಾಯಿತು ಅಂತ ನನಗೆ ಯಾರೂ ಹೇಳಬೇಡಿ.

ಅರ್ಧದಾರಿ · ಡಿಸೆಂಬರ್ 8, ರಾತ್ರಿ 8:10

ಒಪ್ಪಿದೆ. ಅದನ್ನು ನಾನು ಬೇಕೆಂದೇ ಬಿಟ್ಟಿದ್ದೆ. ಹಬ್ಬದ ವಾರ ಅಂತ.

ಹಳೇಗುಮಾಸ್ತ · ಡಿಸೆಂಬರ್ 9, ಬೆಳಿಗ್ಗೆ 6:05

ತಮ್ಮಾ, ಸಂತರ ಲೆಕ್ಕ ದೇವರಿಗಿರಲಿ. ನನ್ನ ಕಡೆಯಿಂದ ಇಷ್ಟೇ. ಹುದ್ದೆ ನಿನಗೆ ಬೇಕು ಅನ್ನಿಸಿದ್ದರಲ್ಲಿ ನನಗೇನೂ ತಪ್ಪು ಕಾಣಲಿಲ್ಲ. ಆ ಊಟದ ಮೇಜಿನ ಹತ್ತಿರ ಏನಾಯಿತು ಅಂತ ನೋಡು. ನಾನು ಶಿರಸ್ತೇದಾರ ಆಗಬೇಕು ಅಂದುಕೊಂಡ ಹತ್ತು ವರ್ಷ ಒಳ್ಳೆಯ ಕೆಲಸಗಾರನಾಗಿದ್ದೆ. ಇನ್ನೊಬ್ಬರು ಆದ ದಿನ ನನ್ನ ಬಣ್ಣ ಹೊರಬಂತು. ಆ ಹುಡುಗಿಯ ಕೀಬೋರ್ಡು, ಆ ಮನುಷ್ಯನ ಹುಬ್ಬಳ್ಳಿ, ನಿನಗೆ ಎರಡೂ ಒಂದೇ ಪರೀಕ್ಷೆ. ಆರು ವರ್ಷ ತೆಗೆದುಕೊಳ್ಳಬೇಡ.

ಕಾಳಿದಂಡೆ · ಡಿಸೆಂಬರ್ 21, ರಾತ್ರಿ 9:30

ತಡವಾಯಿತು, ಕ್ಷಮಿಸಿ. ಏನಾಯಿತು ಅಂತ ಹೇಳುತ್ತೇನೆ.

ಮ್ಯಾನೇಜರಿಗೆ ಫೋನ್ ಮಾಡಿದೆ. ಎರಡು ದಿನ ನಂಬರ್ ಒತ್ತಿ ಒತ್ತಿ ಬಿಟ್ಟಿದ್ದೆ. ಮೂರನೇ ದಿನ ಟಾಗೋರ್ ಬೀಚಿನಲ್ಲಿ ನಿಂತು ಮಾಡಿದೆ. ಸರ್, ಆ ದಿನ ನಾನು ಅವರ ಬಗ್ಗೆ ಹೇಳಿದ್ದು ಕಾಳಜಿಯಿಂದ ಅಲ್ಲ, ನನಗೆ ಹುದ್ದೆ ಬೇಕಿತ್ತು, ಅದಕ್ಕೆ ಹೇಳಿದೆ. ನಿಜ ಹೇಳಬೇಕೆಂದರೆ ಹುಬ್ಬಳ್ಳಿ ಅವರಿಗೆ ಅನುಕೂಲವೇ. ಅಷ್ಟು ಹೇಳುವುದರಲ್ಲಿ ಬೆವರಿಬಿಟ್ಟೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಸರಿ ನೋಡೋಣ, ಡಿಸೆಂಬರ್ ಟಾರ್ಗೆಟ್ ಎಲ್ಲಿಗೆ ಬಂತು ಅಂದರು. ದೊಡ್ಡ ಬಯ್ಗುಳವೂ ಇಲ್ಲ, ಮೆಚ್ಚುಗೆಯೂ ಇಲ್ಲ. ಯಾವುದಾದರೂ ಒಂದು ಸಿಗುತ್ತದೆ ಅಂತ ಕಾದಿದ್ದೆ ಅಂತ ಆಗ ಗೊತ್ತಾಯಿತು.

ಅರ್ಜಿ ವಾಪಸ್ ತೆಗೆದಿಲ್ಲ. ತೀರ್ಮಾನ ಜನವರಿಯಲ್ಲಂತೆ. ಸಹೋದ್ಯೋಗಿಗೆ ಇನ್ನೂ ಹೇಳಿಲ್ಲ. ಅವರ ತಂದೆಯ ಜೊತೆ ಆಸ್ಪತ್ರೆಗೆ ಒಂದು ಸಲ ನಾನು ಹೋಗಿ ಬಂದೆ, ಅವರಿಗೆ ರಜೆ ಸಿಗದ ದಿನ. ಮುದುಕರು ದಾರಿಯುದ್ದಕ್ಕೂ ಮಗನ ಗುಣಗಾನ. ಕೇಳುವುದು ಸುಲಭ ಇರಲಿಲ್ಲ. ನರ್ಸಮ್ಮಾ, ನೀವು ಹೇಳಿದ ನಾಲ್ಕು ತಾಸು ಎಷ್ಟು ಉದ್ದ ಅಂತ ಈಗ ಗೊತ್ತು.

ಕ್ವಾಯರಿಗೂ ಹೋದೆ. ಹಿಂದಿನ ಸಾಲಿನಲ್ಲಿ, ಗಂಡಸರ ಜೊತೆ ನಿಂತೆ. ಗಂಟಲು ಹೇಗಿದೆ ಸರ್ ಅಂತ ಎಲ್ಲರೂ ಕೇಳಿದರು. ಹುಡುಗಿ ಮೊದಲ ಹಾಡನ್ನು ತೀರಾ ಮೇಲಿನ ಶ್ರುತಿಯಲ್ಲಿ ಎತ್ತಿಕೊಂಡಳು. ಹೆಂಗಸರ ಸಾಲು ಮೂರನೇ ಚರಣಕ್ಕೆ ಕಿರುಚತೊಡಗಿತು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಇಷ್ಟು ಕಷ್ಟಪಟ್ಟು ನಾನು ಯಾವತ್ತೂ ಬಾಯಿ ಮುಚ್ಚಿಕೊಂಡಿಲ್ಲ. ಮುಗಿದ ಮೇಲೆ ಅವಳೇ ಹಿಂದೆ ಬಂದು, ಸರ್, ಶ್ರುತಿ ಜಾಸ್ತಿ ಆಯಿತಾ ಅಂತ ಕೇಳಿದಳು. ಅರ್ಧ ಇಳಿಸಿದರೆ ಸಾಕು ಅಂದೆ.

ಅವಳು ಕೇಳಿದ್ದಕ್ಕೆ ಭಾರೀ ಖುಷಿಯಾಯಿತು. ಮನೆಗೆ ನಡೆದು ಬರುವಾಗ ಆ ಖುಷಿಯನ್ನೇ ಸಂಶಯದಿಂದ ನೋಡಿದೆ. ಹಾಡು ಸರಿಯಾಗುತ್ತದೆ ಅಂತಲಾ, ನನ್ನನ್ನು ಕೇಳಿದಳು ಅಂತಲಾ? ಎರಡೂ ಇತ್ತು.

ಈಗ ಒಳಗಿನಿಂದ ಕರೆಯುತ್ತಿದ್ದಾರೆ. ಒಲೆಯ ಮೇಲೆ ಕ್ರಿಸ್‌ಮಸ್ ಸಿಹಿ ದೋದೋಲ್ ಇದೆ, ಕಲಕುವ ಸರದಿ ನನ್ನದು.

ಶಿರಸಿಟೀಚರ್ · ಡಿಸೆಂಬರ್ 21, ರಾತ್ರಿ 9:52

ತಳ ಹಿಡಿಯದ ಹಾಗೆ ನೋಡಿಕೊಳ್ಳಿ. ಮಗ ರಜೆಗೆ ಬಂದಿದ್ದಾನೆ, ಇಲ್ಲಿ ನೇವ್ರಿ ಕರಿಯುವುದು ಅವನದೇ ಕೆಲಸ.

ತಾಂಡೇಲನಮಗ · ಡಿಸೆಂಬರ್ 21, ರಾತ್ರಿ 10:15

ಆಸ್ಪತ್ರೆಗೆ ಇನ್ನೊಮ್ಮೆ ಹೋಗುವುದಿದ್ದರೆ ಹೇಳು ಮಾರಾಯಾ. ನನ್ನ ಗಾಡಿ ಇದೆ, ಸೋಮವಾರ ಬೋಟ್ ಇಲ್ಲ.

ಹಳೇಗುಮಾಸ್ತ · ಡಿಸೆಂಬರ್ 22, ಬೆಳಿಗ್ಗೆ 6:10

ಆ ಹುಡುಗಿ ಶ್ರುತಿ ಇಳಿಸಿದಳಾ?

ಕಾಳಿದಂಡೆ · ಡಿಸೆಂಬರ್ 22, ಬೆಳಿಗ್ಗೆ 8:40

ಮೊದಲ ಹಾಡಿಗೆ ಇಳಿಸಿದಳು. ಎರಡನೆಯದಕ್ಕೆ, ಇಲ್ಲ ಸರ್, ಇದು ಹೀಗೇ ಇರಲಿ ಅಂದಳು.